ನಿದ್ದೆ ಮಾತ್ರೆ: ಎರಡು ವಾರದ ಮದ್ದು ಎರಡು ವರ್ಷ ಉಳಿಯದಿರಲಿ



ನಿಮ್ಮ ಮನೆಯಲ್ಲಿ ಮದ್ದು ಇಡುವ ಡಬ್ಬವೊಂದು ಇದ್ದೇ ಇರುತ್ತದೆ. ಜ್ವರದ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಮಕ್ಕಳ ಸಿರಪ್, ಅತ್ತೆಯವರ ಬಿ.ಪಿ. ಮಾತ್ರೆಗಳ ನಡುವೆ ತೀರಾ ಚಿಕ್ಕ ಮಾತ್ರೆಗಳ ಒಂದು ಸ್ಟ್ರಿಪ್ ಇದೆಯೇ ಎಂದು ಒಮ್ಮೆ ನೋಡಿ. ಅದರ ಹಿಂಬದಿಯಲ್ಲಿ ಆಲ್‌ಪ್ರಜೋಲಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್, ನೈಟ್ರಾಜೆಪಾಮ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನ ನಿಮಗಾಗಿಯೇ ಬರೆದದ್ದು. ಮನೆಯಲ್ಲಿ ನಾವು ಅದನ್ನು ಆ ಹೆಸರುಗಳಿಂದ ಕರೆಯುವುದಿಲ್ಲ. ‘ನಿದ್ದೆ ಮಾತ್ರೆ’, ‘ಟೆನ್ಶನ್ ಮಾತ್ರೆ’, ‘ಗಾಬರಿಯ ಮಾತ್ರೆ’ ಎನ್ನುತ್ತೇವೆ.

ಈ ಮಾತ್ರೆ ಮನೆಗೆ ಬಂದ ದಾರಿಯೂ ಹೆಚ್ಚಾಗಿ ಒಂದೇ. ತಂದೆಯ ಮರಣ, ಮಗಳ ಮದುವೆಯ ಸಾಲ, ಹೆರಿಗೆಯ ನಂತರದ ನಿದ್ದೆಗೇಡು, ಗಂಡ ವಿದೇಶದಲ್ಲಿದ್ದು ಮನೆಯ ಹೊಣೆಯೆಲ್ಲ ಒಬ್ಬಳ ತಲೆಗೆ ಬಿದ್ದದ್ದು, ಹೀಗೆ ಏನೋ ಒಂದು ಕಾರಣದಿಂದ ನಿದ್ದೆ ಹಾರಿಹೋಗಿರುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ವೈದ್ಯರು ಹತ್ತು ಹದಿನೈದು ದಿನಕ್ಕೆಂದು ಮಾತ್ರೆ ಬರೆದುಕೊಡುತ್ತಾರೆ. ಮೊದಲ ರಾತ್ರಿಯೇ ಒಳ್ಳೆಯ ನಿದ್ದೆ ಬರುತ್ತದೆ. ಹದಿನೈದು ದಿನ ಮುಗಿದ ಮೇಲೆ ವೈದ್ಯರ ಬಳಿಗೆ ಹೋಗುವ ಬದಲು ಹಳೆಯ ಚೀಟಿಯನ್ನೇ ಕೊಟ್ಟು ಮಗನನ್ನು ಮೆಡಿಕಲ್‌ಗೆ ಕಳುಹಿಸುತ್ತೇವೆ. ಆ ಚೀಟಿ ಮಾಸಿ, ಮಡಚಿದ ಕಡೆ ಹರಿದು ಹೋದರೂ ಮಾತ್ರೆ ನಿಲ್ಲುವುದಿಲ್ಲ. ಎರಡು ವಾರದ ಮದ್ದು ಎರಡು ವರ್ಷವಾಗಿರುತ್ತದೆ.

ಇಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ಯಾರನ್ನೂ ಕೇಳದೆ ಮುಂದುವರಿಸುವುದು. ಇನ್ನೊಂದು, ಯಾರೋ ಹೆದರಿಸಿದರೆಂದು ಒಂದೇ ದಿನದಲ್ಲಿ ನಿಲ್ಲಿಸಿಬಿಡುವುದು. ಮೊದಲನೆಯದಕ್ಕಿಂತ ಎರಡನೆಯದು ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ಈ ಲೇಖನ ಓದಿ ಇಂದೇ ಮಾತ್ರೆಯನ್ನು ಎಸೆದುಬಿಡಬೇಡಿ ಎಂದು ಆರಂಭದಲ್ಲೇ ವಿನಂತಿಸುತ್ತೇನೆ.

ಇದು ಎಂತಹ ಮದ್ದು?

ಮೇಲೆ ಹೇಳಿದ ಮಾತ್ರೆಗಳೆಲ್ಲ ಬೆಂಜೊಡಯಾಜೆಪೈನ್ ಎಂಬ ಒಂದೇ ಗುಂಪಿಗೆ ಸೇರಿದವು. ಈ ಗುಂಪಿನ ಮೊದಲ ಔಷಧ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಾಜೆಪಾಮ್ ಬಂತು. ನಮ್ಮ ಮೆದುಳಿನಲ್ಲಿ ‘ಗಾಬಾ’ ಎಂಬ ಒಂದು ರಾಸಾಯನಿಕವಿದೆ. ನರಗಳ ಓಡಾಟ ಅತಿಯಾದಾಗ ಅದನ್ನು ಶಾಂತಗೊಳಿಸುವುದು ಅದರ ಕೆಲಸ. ಈ ಮಾತ್ರೆಗಳು ಗಾಬಾದ ಶಕ್ತಿಯನ್ನು ಹೆಚ್ಚಿಸುತ್ತವೆ. ಆದ್ದರಿಂದಲೇ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಎದೆಬಡಿತ ತಗ್ಗಿ, ಸ್ನಾಯುಗಳು ಸಡಿಲಗೊಂಡು, ನಿದ್ದೆ ಬರುತ್ತದೆ.

ತೊಂದರೆ ಶುರುವಾಗುವುದು ಅನಂತರ. ಹೊರಗಿನಿಂದ ನೆರವು ದಿನಾ ಸಿಗುತ್ತಿದ್ದರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಅರ್ಧ ಮಾತ್ರೆಗೆ ಬರುತ್ತಿದ್ದ ನಿದ್ದೆಗೆ ಈಗ ಒಂದು ಬೇಕಾಗುತ್ತದೆ. ಒಂದು ದಿನ ತಪ್ಪಿದರೆ ಮೊದಲಿಗಿಂತ ಹೆಚ್ಚು ಗಾಬರಿಯಾಗುತ್ತದೆ. ಆಗ ನಾವು, ‘ನೋಡಿ, ನನ್ನ ಕಾಯಿಲೆ ಹೋಗಿಲ್ಲ, ಮಾತ್ರೆ ಬೇಕೇ ಬೇಕು’ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಹಳೆಯ ಕಾಯಿಲೆಯಾಗಿರದೆ ಮಾತ್ರೆ ಸಿಗದ ಮೆದುಳಿನ ತಳಮಳ ಆಗಿರಬಹುದು.

ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿಯು 1988ರಲ್ಲೇ ಈ ಮಾತ್ರೆಗಳನ್ನು ತೀವ್ರವಾದ ಆತಂಕಕ್ಕೆ ಮಾತ್ರ, ಅದೂ 2ರಿಂದ 4 ವಾರಗಳ ಅವಧಿಗೆ ಮಾತ್ರ ಬಳಸಬೇಕೆಂದು ವೈದ್ಯರಿಗೆ ಸೂಚಿಸಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. 2020ರ ಸೆಪ್ಟೆಂಬರ್‌ನಲ್ಲಿ ಈ ಇಡೀ ಗುಂಪಿನ ಔಷಧಗಳ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ಕೆಲವೇ ದಿನ ಅಥವಾ ವಾರಗಳ ಕಾಲ ಬಿಡದೆ ಸೇವಿಸಿದರೂ ದೇಹ ಇದಕ್ಕೆ ಅಂಟಿಕೊಳ್ಳಬಹುದು ಎಂಬುದು ಅದರ ಸಾರ.

ನಮ್ಮ ದೇಶದಲ್ಲೂ ಕಾನೂನಿದೆ. ಆಲ್‌ಪ್ರಜೋಲಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್‌ಪಿಡೆಮ್ ಮುಂತಾದವುಗಳನ್ನು ‘ಶೆಡ್ಯೂಲ್ ಎಚ್-1’ ಪಟ್ಟಿಗೆ ಸೇರಿಸಿದ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಮಾತ್ರೆಯ ಹೆಸರು ಮತ್ತು ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಪರಿಚಯದ ಮೆಡಿಕಲ್‌ನವರು ಚೀಟಿ ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ. ಕೇಳದವರಿಗಿಂತ ಕೇಳುವವರೇ ನಿಮ್ಮ ಹಿತ ಬಯಸುವವರು.

ಚಿಕ್ಕ ಮಾತ್ರೆಯೆಂದು ಮೋಸ ಹೋಗಬೇಡಿ

‘ನಾನು ತೆಗೆದುಕೊಳ್ಳುವುದು ಬರೀ ಅರ್ಧ ಮಿಲಿಗ್ರಾಂ, ಅದರಿಂದ ಏನಾದೀತು?’ ಎಂದು ಹೇಳುವವರಿದ್ದಾರೆ. ಮಿಲಿಗ್ರಾಂ ಲೆಕ್ಕ ಒಂದು ಔಷಧದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅರ್ಧ ಮಿಲಿಗ್ರಾಂ ಆಲ್‌ಪ್ರಜೋಲಮ್ ಅಥವಾ ಕ್ಲೋನಾಜೆಪಾಮ್‌ನ ಶಕ್ತಿ ಸುಮಾರು 5ರಿಂದ 10 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ. ಆದ್ದರಿಂದ ಒಂದರ ಬದಲಿಗೆ ಇನ್ನೊಂದನ್ನು ‘ಅದೂ ನಿದ್ದೆ ಮಾತ್ರೆಯೇ ತಾನೆ’ ಎಂದು ನೀವಾಗಿ ಬದಲಾಯಿಸಿಕೊಳ್ಳುವುದು ಸಲ್ಲದು. ಅಕ್ಕನಿಗೆ ಒಗ್ಗಿದ ಮಾತ್ರೆ ತಂಗಿಗೂ ಒಗ್ಗುತ್ತದೆಂಬ ನಿಯಮವಿಲ್ಲ. ನೆರೆಮನೆಯವರಿಗೆ ನಿದ್ದೆ ಬರುವುದಿಲ್ಲವೆಂದು ನಿಮ್ಮ ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕೊಡುವುದು ಉಪಕಾರವಲ್ಲ. ಅವರಿಗೆ ಉಸಿರಾಟದ ಕಾಯಿಲೆಯಿದ್ದರೆ, ಅಥವಾ ಅವರು ಬೇರೆ ಔಷಧ ಸೇವಿಸುತ್ತಿದ್ದರೆ ಅದೇ ಎರಡು ಮಾತ್ರೆಯಿಂದ ದೊಡ್ಡ ಅನಾಹುತವಾಗಬಹುದು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ತಾವು ನಿದ್ದೆ ಮಾತ್ರೆ ಸೇವಿಸುತ್ತಿದ್ದೇವೆಂಬ ಅರಿವಿಲ್ಲದೆಯೇ ಸೇವಿಸುವವರಿದ್ದಾರೆ. ಹೊಟ್ಟೆ ನುಲಿಯುವುದಕ್ಕೆ, ಗ್ಯಾಸ್ಟ್ರಿಕ್‌ಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಮತ್ತು ಕ್ಲಿಡಿನಿಯಮ್ ಎರಡೂ ಸೇರಿರುತ್ತವೆ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆಯೊಳಗೇ ಕ್ಲೋನಾಜೆಪಾಮ್ ಬೆರೆಸಿದ್ದು ಸಿಗುತ್ತದೆ. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆಗೂ ಇಂತಹ ಮದ್ದು ಸೇರಿಸಿ ಮಾರುತ್ತಾರೆ. ಈ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯಕಾರಿ. ಬ್ರಾಂಡಿನ ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರು ಇರುತ್ತದೆ. ಶಾಲೆಗೆ ಹೋಗುವ ಮಗಳ ಕೈಯಲ್ಲಾದರೂ ಅದನ್ನು ಓದಿಸಿ ತಿಳಿದುಕೊಳ್ಳಿ. ಒಂದೇ ಗುಂಪಿನ ಮಾತ್ರೆ ಇಬ್ಬರು ವೈದ್ಯರ ಚೀಟಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂದು, ಎರಡನ್ನೂ ಸೇವಿಸುವ ಪ್ರಸಂಗ ಅಪರೂಪವಲ್ಲ.

ಆತಂಕಕ್ಕೆ ಕೊಡುವ ಎಲ್ಲ ಮಾತ್ರೆಗಳೂ ಅಭ್ಯಾಸವಾಗುವಂಥವಲ್ಲ ಎಂಬುದೂ ನೆನಪಿರಲಿ. ದೀರ್ಘಕಾಲದ ಆತಂಕಕ್ಕೆ ಇಂದು ವೈದ್ಯರು ಸಾಮಾನ್ಯವಾಗಿ ಮೊದಲು ಆರಿಸುವುದು ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂತಹ ಔಷಧಗಳನ್ನು. ಇವು ಅಮಲು ತರುವುದಿಲ್ಲ. ಆದರೆ ಇವುಗಳ ಗುಣ ಕಾಣಲು 2ರಿಂದ 6 ವಾರ ಹಿಡಿಯುತ್ತದೆ. ಮೊದಲ ವಾರ ವಾಕರಿಕೆ, ತಲೆನೋವು, ಸ್ವಲ್ಪ ಹೆಚ್ಚಿದ ಗಾಬರಿ ಕಾಣಿಸಬಹುದು. ‘ನಾಲ್ಕು ದಿನ ತೆಗೆದುಕೊಂಡೆ, ಏನೂ ಗುಣವಾಗಲಿಲ್ಲ’ ಎಂದು ಇದನ್ನು ಬಿಟ್ಟು, ಕೂಡಲೇ ನಿದ್ದೆ ತರುವ ಮಾತ್ರೆಗೇ ಮರಳುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ತಾಳ್ಮೆ ಬೇಕಾಗಿರುವುದು ಇಲ್ಲೇ. ಈ ಔಷಧಗಳನ್ನೂ ಏಕಾಏಕಿ ನಿಲ್ಲಿಸಬಾರದು.

ಹೆಣ್ಣಿಗೆ ಏಕೆ ಹೆಚ್ಚಿನ ಎಚ್ಚರ?

ಆತಂಕದ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುತ್ತದೆ. ಮಾತ್ರೆ ಪಡೆಯುವವರಲ್ಲೂ ಹೆಂಗಸರೇ ಹೆಚ್ಚು. 1970ರ ದಶಕದ ಅಮೆರಿಕದಲ್ಲಿ ಡಯಾಜೆಪಾಮ್ ಅತಿ ಹೆಚ್ಚು ಬರೆಯಲಾಗುತ್ತಿದ್ದ ಔಷಧವಾಗಿತ್ತು. ಅದನ್ನು ನುಂಗುತ್ತಿದ್ದವರಲ್ಲಿ ಗೃಹಿಣಿಯರೇ ಬಹಳ. ಮನೆಯಲ್ಲಿ ಆಕೆಯ ಬೇಗುದಿಯನ್ನು ಕೇಳುವ ಬದಲು ಕೈಗೊಂದು ಮಾತ್ರೆ ಕೊಡುವುದು ಸುಲಭವಾಗಿತ್ತು. ನಮ್ಮ ಮನೆಗಳೂ ಆ ದಾರಿ ಹಿಡಿಯಬಾರದು.

ಹೆಣ್ಣಿನ ದೇಹ ಕೆಲವು ಔಷಧಗಳನ್ನು ಹೊರಹಾಕುವ ವೇಗವೂ ಬೇರೆ. ಜೋಲ್‌ಪಿಡೆಮ್ ಎಂಬ ನಿದ್ದೆ ಮಾತ್ರೆ ಮೇಲಿನ ಗುಂಪಿನದಲ್ಲದಿದ್ದರೂ ಅದೇ ಬಗೆಯಲ್ಲಿ ಕೆಲಸ ಮಾಡುತ್ತದೆ. ರಾತ್ರಿ ಅದನ್ನು ಸೇವಿಸಿದ ಹೆಂಗಸರ ರಕ್ತದಲ್ಲಿ ಮರುದಿನ ಬೆಳಿಗ್ಗೆಯೂ ಗಂಡಸರಿಗಿಂತ ಹೆಚ್ಚು ಔಷಧ ಉಳಿದಿರುತ್ತದೆಂದು ತಿಳಿದ ಮೇಲೆ, 2013ರ ಜನವರಿಯಲ್ಲಿ ಎಫ್.ಡಿ.ಎ. ಹೆಂಗಸರಿಗೆ ಅದರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿತು. ಬೆಳಿಗ್ಗೆ ಎದ್ದು ಸ್ಕೂಟರ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ತಾಯಿಗೆ, ಒಲೆಯ ಮುಂದೆ ನಿಂತು ಕುದಿಯುವ ಎಣ್ಣೆಯಲ್ಲಿ ಕೈಯಾಡಿಸುವವಳಿಗೆ ಇದು ಸಣ್ಣ ವಿಷಯವಲ್ಲ.

ಗರ್ಭನಿರೋಧಕ ಮಾತ್ರೆ ಸೇವಿಸುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು. ಅದು ಡಯಾಜೆಪಾಮ್, ಆಲ್‌ಪ್ರಜೋಲಮ್‌ಗಳು ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸಬಲ್ಲುದು. ಆಗ ಅದೇ ಪ್ರಮಾಣದ ಮಾತ್ರೆಯ ಮಂಪರು ಹೆಚ್ಚಾಗಬಹುದು.

ಇನ್ನು, ಎದೆ ಡವಗುಟ್ಟಿದ್ದೆಲ್ಲ ‘ಟೆನ್ಶನ್’ ಅಲ್ಲ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಕೈ ನಡುಕ, ಬೆವರು, ಎದೆಬಡಿತ, ನಿದ್ದೆಗೇಡು ಬರುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಥೈರಾಯ್ಡ್ ಏರುಪೇರಾಗುವುದುಂಟು. ನಮ್ಮ ಹೆಂಗಸರಲ್ಲಿ ಸಾಮಾನ್ಯವಾಗಿರುವ ರಕ್ತಹೀನತೆಯಿಂದಲೂ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯಾಗಿ ರಾತ್ರಿ ಎಚ್ಚರವಾಗುತ್ತದೆ. ಆದ್ದರಿಂದ ಮಾತ್ರೆ ಶುರುಮಾಡುವ ಮುನ್ನ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಣ್ಣನೆಯ ಬೆವರು, ಉಸಿರು ಕಟ್ಟಿದಂತಾಗುವುದು ಇದ್ದರೆ ಗಾಬರಿಯ ಮಾತ್ರೆ ಕೊಟ್ಟು ಮಲಗಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೃದಯಾಘಾತ ಹೆಂಗಸರಿಗೂ ಆಗುತ್ತದೆ.

ಗರ್ಭಿಣಿಯರು ಮತ್ತು ಬಾಣಂತಿಯರು

ಈ ಮಾತ್ರೆ ಗರ್ಭದಲ್ಲಿರುವ ಮಗುವನ್ನೂ ತಲುಪುತ್ತದೆ. ಹೆರಿಗೆ ಹತ್ತಿರವಾದಾಗ ನಿರಂತರವಾಗಿ ಸೇವಿಸಿದರೆ ಹುಟ್ಟಿದ ಮಗುವಿನ ಮೈ ಜೋಲು ಬಿದ್ದಂತಿರಬಹುದು, ಹಾಲು ಚೀಪಲು ಶಕ್ತಿ ಸಾಲದಿರಬಹುದು, ಉಸಿರಾಟ ನಿಧಾನವಾಗಬಹುದು. ಕೆಲವು ಮಕ್ಕಳಲ್ಲಿ ಹುಟ್ಟಿದ ಮೇಲೆ ನಡುಕ, ಬಿಡದ ಅಳು ಕಾಣಿಸುತ್ತದೆ. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರಿಗೆ ಈ ಮಾತ್ರೆಯ ವಿಷಯ ತಿಳಿಸುವುದು ಒಳ್ಳೆಯದು.

ಈಗಾಗಲೇ ಮಾತ್ರೆ ಸೇವಿಸುತ್ತಿರುವಾಗ ಗರ್ಭ ನಿಂತದ್ದು ಗೊತ್ತಾದರೆ ಹೆದರಿ ಆ ದಿನವೇ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿ ತಾಯಿಗೆ ಫಿಟ್ಸ್ ಬಂದರೆ ಮಗುವಿಗೂ ಅಪಾಯವೇ. ಪ್ರಸೂತಿ ತಜ್ಞರಿಗೂ ಮಾತ್ರೆ ಬರೆದುಕೊಟ್ಟ ವೈದ್ಯರಿಗೂ ತಿಳಿಸಿ. ಅವರು ನಿಧಾನವಾಗಿ ಇಳಿಸುವ ಅಥವಾ ಬೇರೆ ಔಷಧಕ್ಕೆ ಬದಲಾಯಿಸುವ ದಾರಿ ಹೇಳುತ್ತಾರೆ. ಗರ್ಭಿಣಿಯ ತೀವ್ರ ಆತಂಕಕ್ಕೆ ಚಿಕಿತ್ಸೆಯನ್ನೇ ಕೊಡದಿರುವುದೂ ತಾಯಿ ಮಗುವಿಗೆ ಒಳ್ಳೆಯದಲ್ಲ.

ಎದೆಹಾಲಿನ ಮೂಲಕವೂ ಔಷಧ ಸ್ವಲ್ಪ ಪ್ರಮಾಣದಲ್ಲಿ ಮಗುವಿಗೆ ಹೋಗುತ್ತದೆ. ಡಯಾಜೆಪಾಮ್‌ನಂತಹ, ದೇಹದಲ್ಲಿ ಬಹಳ ದಿನ ಉಳಿಯುವ ಔಷಧಗಳು ಮಗುವಿನ ಮೈಯಲ್ಲಿ ಶೇಖರವಾಗಬಹುದು. ಮಗು ಹಾಲಿಗೂ ಏಳದೆ ಮಂಪರಿನಲ್ಲಿದ್ದರೆ, ತೂಕ ಏರದಿದ್ದರೆ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ. ಹಾಲೂಡಿಸುವ ತಾಯಂದಿರಿಗೆ ಹೊಂದುವ ಬೇರೆ ಔಷಧಗಳಿವೆ. ಸರ್ಟ್ರಾಲಿನ್ ಅಂತಹವುಗಳಲ್ಲಿ ಒಂದು. ಹಾಗಾಗಿ ‘ಮದ್ದು ಬೇಕಾದರೆ ಹಾಲು ಬಿಡಿಸಬೇಕು’ ಎಂದು ನೀವೇ ತೀರ್ಮಾನಿಸಬೇಡಿ.

ನಮ್ಮ ಮನೆಗಳಲ್ಲಿ ಹಸುಗೂಸು ತಾಯಿಯ ಮಗ್ಗುಲಲ್ಲೇ ಮಲಗುತ್ತದೆ. ನಿದ್ದೆ ಮಾತ್ರೆ ಸೇವಿಸಿದ ತಾಯಿ ಮಗುವನ್ನು ಅದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬಾರದು. ಗಾಢ ನಿದ್ದೆಯಲ್ಲಿ ಮಗುವಿನ ಮೇಲೆ ಹೊರಳಿದರೂ ಎಚ್ಚರವಾಗದಿರಬಹುದು. ಆ ದಿನಗಳಲ್ಲಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ. ರಾತ್ರಿ ನೋಡಿಕೊಳ್ಳಲು ಅಮ್ಮನೋ ಅತ್ತೆಯೋ ಹತ್ತಿರವಿರಲಿ.

ಮನೆಯ ಹಿರಿಯರು

ಅರವತ್ತೈದು ದಾಟಿದವರಿಗೆ ಈ ಮಾತ್ರೆಗಳನ್ನು ಆದಷ್ಟು ಕೊಡಬಾರದೆಂಬುದು ಅಮೆರಿಕದ ವೃದ್ಧಾಪ್ಯ ತಜ್ಞರ ಸಂಘದ ಸಲಹೆ. ಕಾರಣ ಸರಳ. ವಯಸ್ಸಾದಂತೆ ಔಷಧ ದೇಹದಿಂದ ಹೊರಹೋಗುವುದು ನಿಧಾನವಾಗುತ್ತದೆ. ಮಧ್ಯರಾತ್ರಿ ಮೂತ್ರಕ್ಕೆಂದೋ, ನಸುಕಿನಲ್ಲಿ ವುಝೂಗೆಂದೋ ಎದ್ದ ಅಜ್ಜಿ ಒದ್ದೆ ಬಚ್ಚಲಲ್ಲಿ ತೂರಾಡಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಇನ್ನೊಂದು ಲಕ್ಷಣವೆಂದರೆ ಮರೆವು ಮತ್ತು ಗೊಂದಲ. ‘ಅಮ್ಮನಿಗೆ ಅರಳು ಮರಳು ಶುರುವಾಗಿದೆ’ ಎಂದುಕೊಳ್ಳುವ ಮುನ್ನ ಅವರು ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆಂದು ಒಮ್ಮೆ ನೋಡಿ, ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ.

ಜೊತೆಗೆ ಸೇರಬಾರದ ಮದ್ದುಗಳು

ಈ ಮಾತ್ರೆ ಒಂದೇ ಆದರೆ ಮಾಡುವ ಹಾನಿಗಿಂತ ಬೇರೆ ಮದ್ದಿನ ಜೊತೆ ಸೇರಿದಾಗ ಮಾಡುವ ಹಾನಿ ದೊಡ್ಡದು. ಸೊಂಟನೋವು, ಮಂಡಿನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್‌ನಲ್ಲಿರುವ ಕೊಡೀನ್ ಇದರೊಂದಿಗೆ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಅಪಾಯವಾಗಬಹುದು. 2016ರಲ್ಲಿ ಎಫ್.ಡಿ.ಎ. ಇದರ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಕೊಟ್ಟಿತ್ತು. ಶೀತ, ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಮಂಪರನ್ನು ಹೆಚ್ಚಿಸುತ್ತವೆ.

ಇನ್ನೊಂದನ್ನು ವಿಶೇಷವಾಗಿ ಗಮನಿಸಿ. ಸೆಕೆಯ ಊರುಗಳಲ್ಲಿ ಹುಳುಕಡ್ಡಿ, ಗಜಕರ್ಣದಂತಹ ಚರ್ಮರೋಗಕ್ಕೆ ಇಟ್ರಾಕೊನಜೋಲ್ ಎಂಬ ಕ್ಯಾಪ್ಸೂಲ್ ಬರೆಯುವುದು ಸಾಮಾನ್ಯ. ಇದು ಆಲ್‌ಪ್ರಜೋಲಮ್ ದೇಹದಿಂದ ಹೊರಹೋಗದಂತೆ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಸೇವಿಸಲೇಬಾರದು. ಚರ್ಮದ ವೈದ್ಯರ ಬಳಿ ಹೋದಾಗ ‘ನಿದ್ದೆ ಮಾತ್ರೆಯ ವಿಷಯ ಇವರಿಗೇಕೆ’ ಎಂದು ಮುಚ್ಚಿಡಬೇಡಿ.

ಮಾತ್ರೆ ನುಂಗಿದವರನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ನಿಲ್ಲಿಸುವುದು ಹೇಗೆ?

ಅಭ್ಯಾಸವಾದ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ನಿದ್ದೆ ಪೂರ್ತಿ ಹೋಗಬಹುದು. ಬೆವರು, ನಡುಕ, ತಡೆಯಲಾಗದ ಗಾಬರಿ ಬರಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಆದ್ದರಿಂದ ಇಳಿಸುವುದೇ ಕ್ರಮ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವ ಕ್ಲಿನಿಕ್ ನಡೆಸಿದರು. ಆತುರವಿಲ್ಲದೆ, ರೋಗಿಗೆ ತಾಳಿಕೆಯಾಗುವ ವೇಗದಲ್ಲಿ ಇಳಿಸಬೇಕೆಂಬುದೇ ಅವರ ಪಾಠ. 2025ರಲ್ಲಿ ಅಮೆರಿಕದ ಹಲವು ವೈದ್ಯ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆರಂಭದಲ್ಲಿ 2ರಿಂದ 4 ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಮಾತ್ರ ಇಳಿಸಬೇಕು. ಎಷ್ಟೇ ಬೇಗವೆಂದರೂ ಎರಡು ವಾರಕ್ಕೆ ಶೇಕಡಾ 25 ದಾಟಬಾರದು.

ಈ ಲೆಕ್ಕವನ್ನು ಇಲ್ಲಿ ಕೊಟ್ಟದ್ದು ಮನೆಯಲ್ಲೇ ಬ್ಲೇಡ್ ಹಿಡಿದು ಮಾತ್ರೆ ಕತ್ತರಿಸಲೆಂದಲ್ಲ. ಈ ಕೆಲಸಕ್ಕೆ ತಿಂಗಳುಗಳೇ ಬೇಕು, ಅವಸರಪಡಬಾರದೆಂದು ತಿಳಿಯಲಿಕ್ಕೆ. ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರೇ ಹಾಕಬೇಕು. ಕ್ಲೋನಾಜೆಪಾಮ್, ಕ್ಲೋಬಾಜಾಮ್‌ಗಳನ್ನು ಮೂರ್ಛೆ ರೋಗಕ್ಕೂ ಕೊಡುತ್ತಾರೆ. ಅದಕ್ಕಾಗಿ ಸೇವಿಸುವವರು ಒಂದು ಹೊತ್ತೂ ತಪ್ಪಿಸಬಾರದು.

ರಮಝಾನ್‌ನಲ್ಲಿ

ದಿನಕ್ಕೆ ಮೂರು ಹೊತ್ತು ಮಾತ್ರೆ ಸೇವಿಸುವವರು ರಮಝಾನ್ ಬಂತೆಂದು ಹಗಲಿನ ಮಾತ್ರೆಯನ್ನು ಬಿಟ್ಟುಬಿಟ್ಟರೆ ಮೇಲೆ ಹೇಳಿದ ತೊಂದರೆಗಳೆಲ್ಲ ಬರಬಹುದು. ಬಿಟ್ಟ ಮಾತ್ರೆಗಳನ್ನು ಇಫ್ತಾರ್‌ಗೆ ಒಟ್ಟಿಗೆ ನುಂಗುವುದಂತೂ ಅದಕ್ಕಿಂತ ಕೆಟ್ಟದ್ದು. ಶಅಬಾನ್ ತಿಂಗಳಲ್ಲೇ ವೈದ್ಯರ ಬಳಿಗೆ ಹೋಗಿ. ದಿನಕ್ಕೊಮ್ಮೆ ಸೇವಿಸುವ ಔಷಧವಾದರೆ ಇಫ್ತಾರ್‌ಗೋ ಸಹ್ರಿಗೋ ಹೊಂದಿಸಲು ಸಾಧ್ಯ. ಆದರೆ ಬಹಳ ತಡವಾಗಿ ನಿದ್ದೆ ಮಾತ್ರೆ ನುಂಗಿದರೆ ಸಹ್ರಿಗೆ ಏಳುವಾಗ ಮಂಪರು ಬಿಟ್ಟಿರುವುದಿಲ್ಲ. ವೈದ್ಯರು ಉಪವಾಸ ಬೇಡವೆಂದರೆ ರೋಗಿಗೆ ಇಸ್ಲಾಮಿನಲ್ಲಿ ರಿಯಾಯಿತಿ ಇದೆಯೆಂಬುದು ನಿಮಗೆ ಗೊತ್ತೇ ಇದೆ. ಅದನ್ನು ಪಡೆಯಲು ಸಂಕೋಚಪಡಬೇಕಾಗಿಲ್ಲ.

‘ಈಮಾನ್ ಗಟ್ಟಿಯಿದ್ದವರಿಗೆ ಗಾಬರಿ ಬರುವುದಿಲ್ಲ’ ಎಂದು ರೋಗಿಯ ಮುಂದೆ ಹೇಳುವವರಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ನಾವು ಹೀಗೆ ಹೇಳುವುದಿಲ್ಲ. ನಮಾಝ್, ಪ್ರಾರ್ಥನೆಗಳು ಮನಸ್ಸಿಗೆ ಬಲ ಕೊಡುತ್ತವೆ. ಚಿಕಿತ್ಸೆಯೂ ಅದರ ಜೊತೆಗೇ ನಡೆಯಬೇಕು. ಇಂತಹ ಮಾತುಗಳಿಂದಲೇ ಹೆಂಗಸರು ಮಾತ್ರೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು, ಯಾರ ಸಲಹೆಯೂ ಇಲ್ಲದೆ ವರ್ಷಗಟ್ಟಲೆ ನುಂಗುತ್ತಾರೆ.

ಗಲ್ಫ್‌ಗೆ ಹೋಗುವಾಗ

ಗಂಡನ ಬಳಿಗೆಂದು ದುಬೈಗೆ, ಉಮ್ರಾಕ್ಕೆಂದು ಸೌದಿಗೆ ಹೋಗುವವರು ಒಂದು ಮಾತು ಮರೆಯಬಾರದು. ಈ ಗುಂಪಿನ ಮಾತ್ರೆಗಳು ಅಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ಟ್ರಮಡಾಲ್ ಕೂಡಾ ಹಾಗೆಯೇ. ಯು.ಎ.ಇ.ಗೆ ಇಂತಹ ಔಷಧ ಒಯ್ಯಲು ಅಲ್ಲಿನ ಸರಕಾರದಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಪ್ರಯಾಣಕ್ಕೆ ಸಾಕಷ್ಟು ಮೊದಲೇ ವೈದ್ಯರಿಂದ ಇಂಗ್ಲಿಷ್‌ನಲ್ಲಿ ಹೊಸ ಚೀಟಿ ಮತ್ತು ಪತ್ರ ಪಡೆದು, ಹೋಗುವ ದೇಶದ ನಿಯಮವನ್ನು ಟ್ರಾವೆಲ್ಸ್‌ನವರ ಮಾತಿನ ಮೇಲೆ ಬಿಡದೆ ಅಲ್ಲಿನ ಸರಕಾರದ ಅಧಿಕೃತ ಮಾಹಿತಿಯಿಂದಲೇ ತಿಳಿದುಕೊಳ್ಳಿ. ಮಾತ್ರೆಗಳು ಮೂಲ ಸ್ಟ್ರಿಪ್‌ನಲ್ಲೇ ಇರಲಿ. ಊರಿನಿಂದ ಹೋಗುವ ಹುಡುಗನ ಕೈಯಲ್ಲಿ ಹಲ್ವ, ಉಪ್ಪಿನಕಾಯಿಯ ಜೊತೆ ಇನ್ನೊಬ್ಬರ ಮಾತ್ರೆಯ ಪೊಟ್ಟಣವನ್ನು ಖಂಡಿತಾ ಕಳುಹಿಸಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಆ ಹುಡುಗ.

ಮಾತ್ರೆಯ ಹೊರತು

ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಇದೆ. ಗಾಬರಿ ಹುಟ್ಟಿಸುವ ಯೋಚನೆಗಳನ್ನು ಗುರುತಿಸಿ, ಅವನ್ನು ಪರೀಕ್ಷಿಸಿ, ಹೆದರುವ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಮಾಡಿಸುವ ಈ ವಿಧಾನ ಅನೇಕರಿಗೆ ಔಷಧದಷ್ಟೇ ಫಲ ಕೊಡುತ್ತದೆ. ಮಧ್ಯಾಹ್ನದ ನಂತರ ಚಹಾ ಕಾಫಿ ಬಿಡುವುದು, ದಿನಾ ಒಂದೇ ಹೊತ್ತಿಗೆ ಏಳುವುದು, ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು ನಿದ್ದೆಗೆ ನೆರವಾಗುತ್ತವೆ. ಗಾಬರಿಯಾದಾಗ ನಿಧಾನವಾಗಿ ಉಸಿರು ಎಳೆದು, ಅದಕ್ಕಿಂತ ಹೆಚ್ಚು ಹೊತ್ತು ಬಿಡುತ್ತಾ ಐದು ನಿಮಿಷ ಕೂರಿ.

ಮನೋವೈದ್ಯರೆಂದರೆ ದೊಡ್ಡ ನಗರದಲ್ಲಿ ಮಾತ್ರ ಎಂಬ ಕಾಲ ಈಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯಿಂದ ಹೊರಡಲಾಗದವರು ‘ಟೆಲಿ ಮಾನಸ್’ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರಕಾರಿ ಸೇವೆ ಉಚಿತ. ಹಗಲು ರಾತ್ರಿ ಲಭ್ಯ. ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಯೋಚನೆ ಬಂದರೆ ಅದೇ ಗಳಿಗೆಯಲ್ಲಿ ಮನೆಯವರಿಗೆ ತಿಳಿಸಿ, ಈ ಸಂಖ್ಯೆಗೆ ಕರೆ ಮಾಡಿ. ಅಂತಹ ಸಮಯದಲ್ಲಿ ಮಾತ್ರೆಗಳು ಬೇರೆಯವರ ವಶದಲ್ಲಿರಲಿ.

ವೈದ್ಯರನ್ನು ಇವಿಷ್ಟು ಕೇಳಿ

1. ಈ ಮಾತ್ರೆಯ ನಿಜವಾದ ಹೆಸರೇನು? ಅಭ್ಯಾಸವಾಗುವಂಥದ್ದೇ?
2. ಎಷ್ಟು ದಿನ ಸೇವಿಸಬೇಕು? ಯಾವ ತಾರೀಕಿಗೆ ಮತ್ತೆ ಬರಬೇಕು?
3. ನಾನು ಈಗ ಸೇವಿಸುತ್ತಿರುವ ಬೇರೆ ಮದ್ದುಗಳ ಜೊತೆ ಹೊಂದುತ್ತದೆಯೇ?
4. ಗರ್ಭಿಣಿಯಾದರೆ ಅಥವಾ ಹಾಲೂಡಿಸುತ್ತಿದ್ದರೆ ಏನು ಮಾಡಬೇಕು?
5. ಒಂದು ಹೊತ್ತು ಮರೆತರೆ ಏನು ಮಾಡಲಿ?
6. ನಿಲ್ಲಿಸುವಾಗ ಹೇಗೆ ಇಳಿಸಬೇಕು?

ಉತ್ತರಗಳನ್ನು ಚೀಟಿಯ ಹಿಂದೆಯೇ ಬರೆಸಿಕೊಳ್ಳಿ. ಮಾತ್ರೆಯನ್ನು ಮಕ್ಕಳ ಕೈಗೆಟುಕದಂತೆ ಬೀಗ ಹಾಕಿಡಿ.

ಕೊನೆಯದಾಗಿ ಮನೆಯವರಿಗೊಂದು ಮಾತು. ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ನಿಮ್ಮ ಗಂಡನಿಗೋ ಮಗನಿಗೋ ಇದೇ ಪುಟವನ್ನು ತೋರಿಸಿ. ಮಾತ್ರೆ ಇಳಿಸುವ ತಿಂಗಳುಗಳಲ್ಲಿ ಆಕೆಗೆ ರಾತ್ರಿ ನಿದ್ದೆ ಕಡಿಮೆಯಾಗುತ್ತದೆ, ಸಿಡುಕು ಬರುತ್ತದೆ. ಆಗ ಬೆಳಗಿನ ಅಡುಗೆ ಸ್ವಲ್ಪ ತಡವಾದರೆ ಸಹಿಸಿಕೊಳ್ಳಿ, ಮಕ್ಕಳನ್ನು ಒಂದು ಹೊತ್ತು ನೋಡಿಕೊಳ್ಳಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಆಕೆಯೊಬ್ಬಳಿಗೇ ಬಿಟ್ಟರೆ ಮಾತ್ರೆ ಇಳಿಯುವುದು ಕಷ್ಟ.